ಲ್ಯಾಪ್‌ಟಾಪಿನೊಳಗಿನ ಗಡಿಯಾರವನ್ನು ಅಪಾಯವಿಲ್ಲದೆ ಮುಂದೋಡಿಸುವ ಬಗ್ಗೆ

ಗಡಿಯಾರ ಮತ್ತು ಗಂಟೆಗಳ ಇಲಾಖೆ
(ಮೇಲಿನ ಮಹಡಿ, ತೂಕ-ಅಳತೆಯವರ ತಲೆಯ ಮೇಲೆ)

ಸಂಖ್ಯೆ: ಗಗಇ/ಮುಳ್ಳಿಲ್ಲದವು/ಓವರ್/೧

ಸುತ್ತೋಲೆ

ವಿಷಯ: ಆಟದ ವೇಗ ಹೆಚ್ಚಿಸುವ ಸಲುವಾಗಿ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ಓವರ್‌ಕ್ಲಾಕ್ ಮಾಡುವಾಗ ಸಾರ್ವಜನಿಕರೂ ಸಿಬ್ಬಂದಿಯೂ ಪಾಲಿಸತಕ್ಕ ಸುರಕ್ಷತಾ ನಿಯಮಗಳು.

ಉಲ್ಲೇಖ:
(ಅ) ಹೊಲಿಗೆ ಅಂಗಡಿಯ ಯಜಮಾನಿಯವರು ಸಾರ್ವಜನಿಕ ದೂರು ಪೆಟ್ಟಿಗೆಗೆ ಹಾಕಿದ ದೂರು.
(ಆ) ಸದರಿ ದೂರಿನ ಅಂಚಿನಲ್ಲಿ ದೂರು ವಿಂಗಡಿಸುವ ಗುಮಾಸ್ತರು ಬರೆದ ಷರಾ: "ಗಡಿಯಾರ ಓವರ್ ಆಗಿದೆಯಂತೆ. ಗಡಿಯಾರದವರಿಗೆ ಕಳಿಸಿ."
(ಇ) ಈ ಇಲಾಖೆಯನ್ನು ತೂಕ-ಅಳತೆ ಇಲಾಖೆಯಲ್ಲಿ ವಿಲೀನಗೊಳಿಸುವ ಕುರಿತು ಮೇಲಿನ ಕಚೇರಿಯ ಪತ್ರ.
(ಈ) ವಿಲೀನದ ಆದೇಶ ಹೊರಡುವ ಮೊದಲೇ ತೂಕ-ಅಳತೆಯವರು ಬಂದು ನಮ್ಮ ಕುರ್ಚಿಗಳನ್ನು ಎಣಿಸಿಕೊಂಡು ಹೋದ ಬಗ್ಗೆ ನಮ್ಮ ಪ್ರತಿಭಟನಾ ಪತ್ರ (ಉತ್ತರ ಬಂದಿರುವುದಿಲ್ಲ).

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಮೂಲಕ ಸರ್ವರ ಗಮನಕ್ಕೆ ತರುವುದೇನೆಂದರೆ, ಜನ ಮೊಬೈಲಿನಲ್ಲಿ ಗಂಟೆ ನೋಡಿಕೊಳ್ಳಲು ಆರಂಭಿಸಿದಂದಿನಿಂದ ಈ ಇಲಾಖೆಗೆ ದೂರು ಬರುವುದು ನಿಂತುಹೋಗಿರುತ್ತದೆ. ಗೋಪುರದ ಗಡಿಯಾರ ನಡೆದರೂ ಕೇಳುವವರಿಲ್ಲ, ನಿಂತರೂ ಕೇಳುವವರಿಲ್ಲ. ವರ್ಷವಿಡೀ ಒಂದು ದೂರನ್ನೂ ಬಗೆಹರಿಸದೆ ನೊಣ ಹೊಡೆಯುತ್ತಾ ಕೂತ ಇಲಾಖೆಗೆ ಪ್ರತ್ಯೇಕ ಬಾಗಿಲು ಏಕೆ ಬೇಕೆಂದು ಉಲ್ಲೇಖ (ಇ)ರಲ್ಲಿ ಕೇಳಲಾಗಿದೆ. ವಿಲೀನವಾದಲ್ಲಿ ಅಧೀಕ್ಷಕರಿಗೆ ಕೆಳಗಿನ ಮಹಡಿಯಲ್ಲಿ ತಕ್ಕಡಿಗಳ ಪಕ್ಕ ಒಂದು ಮೇಜು ದೊರೆಯುವುದು. ಆದರೆ ಗೋಪುರ ಹತ್ತಿ ಗಡಿಯಾರಕ್ಕೆ ಕೀ ಕೊಟ್ಟು ಬರುವ ನಮ್ಮ ಕೀಲಿಗಾರರಿಗೆ ಅಲ್ಲಿ ಹುದ್ದೆಯೇ ಇರುವುದಿಲ್ಲ. ತಕ್ಕಡಿಗೆ ಯಾರೂ ಕೀ ಕೊಡುವುದಿಲ್ಲ. ಅವರನ್ನು "ಹೆಚ್ಚುವರಿ" ಎಂದು ಬರೆದು ಮನೆಗೆ ಕಳಿಸಲಾಗುವುದು. ಈ ವಿಷಯವನ್ನು ಹೇಳಲು ಆಡಳಿತ ಭಾಷೆಯಲ್ಲಿ ತಕ್ಕ ಪದ ಸಿಗದ ಕಾರಣ ನೇರವಾಗಿ ಹೇಳಲಾಗಿದೆ: ಇಲಾಖೆಗೆ ಭಯವಾಗಿತ್ತು.

ಇಂಥ ಹೊತ್ತಿನಲ್ಲಿ ಉಲ್ಲೇಖ (ಅ)ರ ದೂರು ಬಂದು ತಲುಪಿತು. ಅದರ ಪೂರ್ಣ ಪಾಠ ಹೀಗಿದೆ:

"ಸ್ವಾಮಿ, ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಾನು ಲ್ಯಾಪ್‌ಟಾಪಲ್ಲಿ ಕಾರ್ ರೇಸ್ ಆಡ್ತೀನಿ. ನನ್ನ ನಾದಿನಿ ಅವಳ ಮನೆಯಿಂದ ಆಡ್ತಾಳೆ. ಅವಳದು ಹೊಸ ಮಷಿನ್, ನನ್ನದು ಹಳೇದು. ಅದಕ್ಕೆ ಗ್ರಾಫಿಕ್ಸ್ ಕಾರ್ಡನ್ನ ಓವರ್‌ಕ್ಲಾಕ್ ಮಾಡಿದೆ. ಮೊದಲು ಚೆನ್ನಾಗೇ ಓಡುತ್ತೆ. ಆಮೇಲೆ ಸೇತುವೆ ದಾಟಿದ ತಿರುವಿನಲ್ಲಿ ಕಾರು ಕಲ್ಲಿನ ಥರ ನಿಂತುಬಿಡುತ್ತೆ. ದಯವಿಟ್ಟು ಕರೆಂಟ್ ಸರಿಯಾಗಿ ಕೊಡಿ. ನಾದಿನಿ ಫೋನ್ ಮಾಡಿ 'ಅತ್ತಿಗೆ, ಪೆಟ್ರೋಲ್ ಖಾಲಿನಾ?' ಅಂತ ಕೇಳ್ತಾಳೆ. ಸಹಿಸೋಕೆ ಆಗ್ತಿಲ್ಲ."

ದೂರು ವಿದ್ಯುತ್ತಿನವರಿಗೆ ಸೇರತಕ್ಕದ್ದೆಂಬುದು ಓದಿದ ಯಾರಿಗಾದರೂ ತಿಳಿಯುವಂಥದ್ದು. ವಿಂಗಡಿಸುವ ಗುಮಾಸ್ತರು ಪೂರ್ತಿ ಓದಿರುವುದಿಲ್ಲ. ಅವರ ಹೊಟ್ಟೆ ತಣ್ಣಗಿರಲಿ. ದಾರಿ ತಪ್ಪಿ ಬಂದ ದೂರನ್ನು ಹಿಂದಿರುಗಿಸುವುದು ವಾಡಿಕೆಯಾದರೂ, ಕೈಗೆ ಬಂದದ್ದನ್ನು ಬಿಟ್ಟುಕೊಡುವ ಸ್ಥಿತಿಯಲ್ಲಿ ಇಲಾಖೆ ಇರಲಿಲ್ಲ. ದೂರುದಾರರನ್ನು ಯಂತ್ರಸಮೇತ ಕಚೇರಿಗೆ ಕರೆಸಿ ವಿಚಾರಿಸಲಾಗಿ, ಪ್ರತಿಯೊಂದು ಗ್ರಾಫಿಕ್ಸ್ ಕಾರ್ಡಿನೊಳಗೂ ನಿಜಕ್ಕೂ ಒಂದು ಗಡಿಯಾರವಿದ್ದು, ಅದು ಸೆಕೆಂಡಿಗೆ ನೂರು ಕೋಟಿಗೂ ಮಿಕ್ಕಿ ಟಿಕ್ ಅನ್ನುತ್ತದೆಂದು ತಿಳಿದುಬಂದಿರುತ್ತದೆ. ಇಷ್ಟು ದೊಡ್ಡ ಸಂಗತಿಯನ್ನು ಈ ಇಲಾಖೆಗೆ ಯಾರೂ ತಿಳಿಸದೆ ಇದ್ದದ್ದಕ್ಕೆ ತೀವ್ರ ಅಸಮಾಧಾನವನ್ನೂ, ಅದಕ್ಕಿಂತ ತೀವ್ರವಾದ ಸಂತೋಷವನ್ನೂ ದಾಖಲಿಸಲಾಗಿದೆ. ಆದ್ದರಿಂದ ಈ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

೧. ಪದದ ಅರ್ಥ: "ಓವರ್‌ಕ್ಲಾಕ್" ಎಂಬಲ್ಲಿನ "ಓವರ್" ಎಂದರೆ "ಸಿನಿಮಾ ಓವರ್ ಆಯ್ತು" ಎಂಬಂತೆ ಮುಗಿಯಿತು ಎಂದು ಅರ್ಥವಲ್ಲ. "ಅವನದು ಸ್ವಲ್ಪ ಓವರ್" ಎಂಬಂತೆ ಅತಿಯಾಗಿ ಆಡುವುದು ಎಂದೂ ಅಲ್ಲ; ಆದರೆ ಎಚ್ಚರ ತಪ್ಪಿದರೆ ಮೊದಲು ಎರಡನೆಯದಾಗಿ, ಆಮೇಲೆ ಮೊದಲನೆಯದಾಗುತ್ತದೆ. ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಕಾರ್ಡಿನ ಗಡಿಯಾರವನ್ನು ನಡೆಸುವುದಕ್ಕೆ ಮಾತ್ರ ಈ ಪದವನ್ನು ಬಳಸತಕ್ಕದ್ದು. ಕಾರ್ಡ್ ಎಂದರೆ ಜೇಬಿನಲ್ಲಿಡುವ ಕಾರ್ಡ್ ಅಲ್ಲ. ಪರಿಶೀಲನೆಗೆಂದು ತಮ್ಮ ಗುರುತಿನ ಕಾರ್ಡನ್ನು ತಂದು ಮೇಜಿನ ಮೇಲಿಟ್ಟ ಸಿಬ್ಬಂದಿ ಅದನ್ನು ವಾಪಸ್ ತೆಗೆದುಕೊಂಡು ಹೋಗತಕ್ಕದ್ದು.

೨. ಅಧಿಕಾರ ವ್ಯಾಪ್ತಿ: ಮುಳ್ಳು, ಲೋಲಕ, ಗಂಟೆ ಯಾವುದೂ ಇಲ್ಲದಿದ್ದರೂ ಟಿಕ್ ಅನ್ನುವುದೆಲ್ಲವೂ ಗಡಿಯಾರವೆಂದು ಈ ಮೂಲಕ ಘೋಷಿಸಲಾಗಿದೆ (ಬಾಲ್‌ಪೆನ್ನುಗಳನ್ನು ಹೊರತುಪಡಿಸಿ). ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಒಂದು ಗಡಿಯಾರ, ನೆನಪಿನ ಭಾಗಕ್ಕೆ ಇನ್ನೊಂದು ಗಡಿಯಾರ ಇರುವುದು ಪತ್ತೆಯಾಗಿದೆ. ಊರಿನಲ್ಲಿ ಲ್ಯಾಪ್‌ಟಾಪುಗಳು ಎಷ್ಟಿರಬಹುದೆಂದು ಅಂದಾಜು ಮಾಡಿ, ಅದನ್ನು ಎರಡರಿಂದ ಗುಣಿಸಿದ ಅಧೀಕ್ಷಕರು ಕೂಡಲೇ ಹೊಸ ದಾಖಲೆ ಪುಸ್ತಕಕ್ಕೆ ಬೇಡಿಕೆ ಬರೆದಿರುತ್ತಾರೆ.

೩. ಇಡುವ ಜಾಗ: ತೊಡೆಯ ಮೇಲೆ ಇಡುವುದಕ್ಕೆಂದೇ ಹೆಸರಿಟ್ಟ ಯಂತ್ರವನ್ನು ತೊಡೆಯ ಮೇಲೆ ಇಡತಕ್ಕದ್ದಲ್ಲ. ದಿಂಬು, ಹಾಸಿಗೆ, ಮಡಿಚಿಟ್ಟ ಬಟ್ಟೆ, ಮಲಗಿದ ಬೆಕ್ಕು ಇವುಗಳ ಮೇಲೂ ಇಡತಕ್ಕದ್ದಲ್ಲ. ಯಂತ್ರವು ಕೆಳಗಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಗಟ್ಟಿ ಮೇಜಿನ ಮೇಲಿಟ್ಟು, ಹಿಂಭಾಗವನ್ನು ಕೊಂಚ ಎತ್ತರಿಸತಕ್ಕದ್ದು. ಎತ್ತರಿಸಲು ದೂರುದಾರರ ಯಂತ್ರದ ಕೆಳಗೆ ಇಲಾಖೆಯ ನಿಯಮಾವಳಿಯ ಎರಡು ಸಂಪುಟಗಳನ್ನು, ಗಾಳಿಯ ಕಿಂಡಿಗೆ ಅಡ್ಡವಾಗದಂತೆ, ಇಡಲಾಯಿತು. ಈ ಸಂಪುಟಗಳು ಸಾರ್ವಜನಿಕರ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

೪. ಶುಚಿತ್ವ: ಏರಿಸುವ ಮಾತಿಗೆ ಮುನ್ನ ಗಾಳಿಯ ಕಿಂಡಿಗಳನ್ನು ಶುಚಿಗೊಳಿಸತಕ್ಕದ್ದು. ಯಂತ್ರ ಪೂರ್ತಿ ಆರಿರತಕ್ಕದ್ದು, ಚಾರ್ಜರ್ ಕಳಚಿರತಕ್ಕದ್ದು. ದೂರುದಾರರ ಯಂತ್ರದ ಕಿಂಡಿಯಿಂದ ಕೀಲಿಗಾರರು ಗಡಿಯಾರದ ಮೃದು ಬ್ರಷ್ಷಿನಿಂದ ಕೆಂಪು, ಹಸಿರು, ಹಳದಿ ದಾರದ ಎಳೆಗಳನ್ನೂ, ಅಸ್ತರಿ ಬಟ್ಟೆಯ ನಾರನ್ನೂ, ಒಂದು ಪ್ರೆಸ್ ಬಟನ್ನನ್ನೂ ಹೊರತೆಗೆದಿರುತ್ತಾರೆ. "ಈ ಗುಂಡಿ ಹುಡುಕಿ ಹುಡುಕಿ ಸಾಕಾಗಿತ್ತು, ಗಿರಾಕಿ ಹತ್ರ ಬೈಸ್ಕೊಂಡಿದ್ದೆ" ಎಂದು ದೂರುದಾರರು ತಿಳಿಸಿದ್ದು, ಗುಂಡಿಯನ್ನು ಸಹಿ ಪಡೆದು ಹಸ್ತಾಂತರಿಸಲಾಗಿದೆ. ಬಾಯಿಂದ ಊದುವುದನ್ನು ನಿಷೇಧಿಸಲಾಗಿದೆ. ಊದಿದಾಗ ಗಾಳಿಯೊಂದೇ ಹೋಗುವುದಿಲ್ಲ.

೫. ಹಳೆಯ ವೇಗದ ದಾಖಲೆ: ಏನನ್ನಾದರೂ ಮುಟ್ಟುವ ಮೊದಲು, ಹೇಗಿತ್ತೋ ಹಾಗೆ ಮತ್ತೆ ತಂದಿಡಲು ಬೇಕಾದ ಮೂಲ ಅಂಕಿಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು. "ನೆನಪಿರುತ್ತೆ ಬಿಡಿ" ಎನ್ನುವವರ ಹೇಳಿಕೆಯನ್ನು ಪುರಸ್ಕರಿಸಲಾಗದು. ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಊರೆಲ್ಲ ಹುಡುಕುವವರೂ ಇದೇ ಮಾತನ್ನು ಹೇಳುತ್ತಾರೆ.

೬. ಏರಿಸುವ ಕ್ರಮ: ಚಾರ್ಜರ್ ಸಿಕ್ಕಿಸಿಯೇ ಆರಂಭಿಸತಕ್ಕದ್ದು. ಎರಡು ಗಡಿಯಾರಗಳನ್ನು ಒಟ್ಟಿಗೆ ಮುಟ್ಟದೆ, ಒಂದಾದ ಮೇಲೆ ಒಂದನ್ನು ಹತ್ತು-ಇಪ್ಪತ್ತು ಮೆಗಾಹರ್ಟ್ಸ್‌ಗಳ ಸಣ್ಣ ಹಂತಗಳಲ್ಲಿ ಏರಿಸತಕ್ಕದ್ದು. ಪ್ರತಿ ಹಂತದ ನಂತರ ಆಟದ ಅತಿ ಭಾರವಾದ ಭಾಗವನ್ನು, ಅಂದರೆ ಮಳೆ, ಹೊಗೆ ಮತ್ತು ಹತ್ತಾರು ಕಾರು ಒಟ್ಟಿಗೆ ಬರುವಲ್ಲಿ, ಓಡಿಸಿ ನೋಡತಕ್ಕದ್ದು. ಪರದೆಯ ಮೇಲೆ ಬಣ್ಣದ ಚುಕ್ಕಿಗಳು ಕಂಡರೆ ಅಲಂಕಾರವೆಂದು ಭಾವಿಸದೆ ಕೂಡಲೇ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಬಂದು, ಅಲ್ಲೇ ತೃಪ್ತಿಪಡತಕ್ಕದ್ದು. ಬಸ್ ನಿಲ್ಲುವ ಮೊದಲೇ ಇಳಿಯುವವರು, ಪಾಯಸ ಆರುವ ಮೊದಲೇ ಬಾಯಿಗಿಟ್ಟು ಹಾ ಹಾ ಎನ್ನುವವರು, ಬೇರೆಯವರ ವಾಕ್ಯವನ್ನು ತಾವೇ ಮುಗಿಸುವವರು ಈ ಕೆಲಸಕ್ಕೆ ಅರ್ಹರಲ್ಲ. ಇಂಥವರು ಪಕ್ಕದಲ್ಲಿ ಕೂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುವುದನ್ನೂ ನಿಷೇಧಿಸಲಾಗಿದೆ.

೭. ನಡೆದ ಘಟನೆ (ಎಲ್ಲರ ತಿಳಿವಳಿಕೆಗಾಗಿ): ಮೇಲಿನ ನಿಯಮ ಹುಟ್ಟುವುದಕ್ಕೆ ಮುನ್ನ ದೂರುದಾರರು ಅಂಗಡಿಯಲ್ಲಿ ಒಂದೇ ಎಳೆತಕ್ಕೆ ಇನ್ನೂರೈವತ್ತು ಮೆಗಾಹರ್ಟ್ಸ್ ಏರಿಸಿದ್ದು ವಿಚಾರಣೆಯಿಂದ ತಿಳಿದುಬಂತು. ದೂರುದಾರರು ನೀರು ಕುಡಿಯಲು ಹೊರಹೋದ ಸಮಯದಲ್ಲಿ ಕೀಲಿಗಾರರು, ಯಾರ ಅಪ್ಪಣೆಯನ್ನೂ ಪಡೆಯದೆ, ಪರದೆಯ ಮೇಲಿನ ವೇಗದ ಗೀಟನ್ನು ಹಿಡಿದು ಸದರಿ ಗಡಿಯಾರವನ್ನು ಪೂರ್ತಿ ಹಿಂದಕ್ಕೆ ಎಳೆದಿರುತ್ತಾರೆ. ಕಾರಣ ಕೇಳಲಾಗಿ ಅವರು ನೀಡಿದ ವಿವರಣೆ:

"ಗಡಿಯಾರ ಎಷ್ಟು ಮುಂದಿದೆ ಅಂತ ಕೇಳಿದೆ ಸಾರ್. ಇನ್ನೂರೈವತ್ತು ಅಂದ್ರು ಅಕ್ಕ. ನಾನು ನಿಮಿಷ ಅಂದ್ಕೊಂಡೆ. ಅರ್ಧ ಗಂಟೆ ಮುಂದೋಡಿದ ಗಡಿಯಾರಕ್ಕೇ ಜನ ನನ್ನ ಮರ್ಯಾದೆ ತೆಗೆದಿದ್ದಾರೆ. ಮುಂದೋಡೋ ಗಡಿಯಾರ ಕಂಡ್ರೆ ನನ್ನ ಕೈ ಸುಮ್ನಿರಲ್ಲ. ಅದು ಬೇಕಂತಲೇ ಮುಂದೆ ಇಟ್ಟಿದ್ದು ಅಂತ ನಂಗೇನು ಗೊತ್ತು? ಎಳೆದುಬಿಟ್ಟೆ. ಆದ್ರೆ ಸಾರ್, ಅಲ್ಲೀವರೆಗೂ ಬುಸುಗುಡ್ತಾ ಇದ್ದ ಮಷಿನ್ ಗಪ್‌ಚುಪ್ ಆಯ್ತು."

ವಿಷಯ ತಿಳಿಯದ ದೂರುದಾರರು ಒಳಬಂದು ಆಟ ಆರಂಭಿಸಿದರು. ಕಾರು ಸೇತುವೆ ದಾಟಿತು. ಆಗ ಅವರು "ಅಯ್ಯೋ, ಹೋಯ್ತು! ಹೋಗೇಬಿಡ್ತು!" ಎಂದು ಕೂಗಿಕೊಂಡರು. ಇಲಾಖೆಯೇ ಹೋಯಿತೆಂದು ಭಾವಿಸಿ ಅಧೀಕ್ಷಕರು ತಲೆಯ ಮೇಲೆ ಕೈ ಹೊತ್ತು ಕೂತರು. ಕೀಲಿಗಾರರು ಗೋಡೆಗೆ ಮುಖ ಮಾಡಿ ನಿಂತರು. ಹೋದದ್ದು ಕಾರು, ಅದೂ ತಿರುವು ದಾಟಿ ಮುಂದಕ್ಕೆ ಹೋದದ್ದೆಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ವೇಗ ಒಂದೇ ಸಲಕ್ಕೆ ಅತಿಯಾಗಿ, ದಾರದ ಎಳೆ ಗಾಳಿಗೆ ಅಡ್ಡವಾಗಿ, ಕಾವು ನೆತ್ತಿಗೇರಿ ಕಾರ್ಡು ಕೈಚೆಲ್ಲುತ್ತಿತ್ತೆಂಬುದು ಆಮೇಲೆ ಸ್ಪಷ್ಟವಾಯಿತು. ತದನಂತರ ಕಿಂಡಿ ಶುಚಿಗೊಳಿಸಿ, ನಿಯಮ ೬ರ ಪ್ರಕಾರ ಮೊದಲಿಂದ ಹಂತ ಹಂತವಾಗಿ ಏರಿಸಿ, ಚುಕ್ಕಿ ಕಂಡಲ್ಲಿ ಹಿಂದೆ ಸರಿದು, ಒಂದು ಹದಕ್ಕೆ ತಂದು ನಿಲ್ಲಿಸಲಾಗಿದೆ. ಏರಿಸಿದ್ದು ಮೊದಲಿಗಿಂತ ಕಡಿಮೆ, ಓಡಿದ್ದು ಮೊದಲಿಗಿಂತ ಹೆಚ್ಚು. ಕೀಲಿಗಾರರ ಅಶಿಸ್ತನ್ನು ಖಂಡಿಸಲಾಗಿದೆ. ಅವರಿಗೆ ಕಾಫಿ ತರಿಸಿಕೊಡಲಾಗಿದೆ.

೮. ಕಾವಿನ ಅಳತೆ: ಏರಿಸುವಾಗ ತಾಪಮಾನದ ಮೇಲೆ ಕಣ್ಣಿಟ್ಟಿರತಕ್ಕದ್ದು. ಎಂಬತ್ತು ಡಿಗ್ರಿ ದಾಟಿ ಮೇಲೇರುತ್ತಲೇ ಇದ್ದಲ್ಲಿ ಆಟ ನಿಲ್ಲಿಸಿ ಆರಲು ಬಿಡತಕ್ಕದ್ದು. ಈ ವಿಷಯ ಹೇಗೋ ಕಿವಿಗೆ ಬಿದ್ದು ಮೆಟ್ಟಿಲೇರಿ ಬಂದ ತೂಕ-ಅಳತೆಯವರು, ಕಾವನ್ನು ಅಳೆಯುವುದೂ ಅಳತೆಯೇ ಆದ್ದರಿಂದ ದೂರು ತಮಗೆ ಸೇರಬೇಕೆಂದು ಕಾಲು ಕೆರೆದು ಜಗಳಕ್ಕೆ ನಿಂತಿರುತ್ತಾರೆ. ತಾಪಮಾನದ ಅಂಕಿಯನ್ನು ಅವರು ಬಾಗಿಲಲ್ಲಿ ನಿಂತು, ಹೊಸ್ತಿಲು ದಾಟದೆ, ಓದಿಕೊಳ್ಳಬಹುದೆಂದು ಒಪ್ಪಂದಕ್ಕೆ ಬರಲಾಗಿದೆ. ಅಕ್ಷರ ಸಣ್ಣದಾಗಿ ಕಂಡರೆ ಅದಕ್ಕೆ ಈ ಇಲಾಖೆ ಹೊಣೆಯಲ್ಲ. ಕೂತು ಓದಲು ಕುರ್ಚಿ ಕೇಳಿದಲ್ಲಿ, ಕುರ್ಚಿಗಳೆಲ್ಲ ಎಣಿಕೆಯಲ್ಲಿವೆಯೆಂದು ತಿಳಿಸತಕ್ಕದ್ದು.

೯. ಫ್ಯಾನು: ಯಂತ್ರದೊಳಗಿನ ಫ್ಯಾನು ಜೋರಾಗಿ ಶಬ್ದ ಮಾಡಿದಲ್ಲಿ ಗಾಬರಿಪಡತಕ್ಕದ್ದಲ್ಲ, ಅದು ಕೆಲಸ ಮಾಡುತ್ತಿರುವುದರ ಲಕ್ಷಣ. ಕೆಲಸ ಮಾಡುವಾಗ ಶಬ್ದ ಮಾಡುವುದು ನಮ್ಮ ಕಚೇರಿಗೆ ಹೊಸತಲ್ಲ. ಫ್ಯಾನಿನ ಶಬ್ದ ಗೋಪುರದ ಗಂಟೆಯ ಶಬ್ದವನ್ನು ಮೀರಿದಲ್ಲಿ, ಗಂಟೆಯ ಗೌರವ ಕಾಪಾಡುವ ದೃಷ್ಟಿಯಿಂದ ಅದನ್ನು ಇನ್ನೊಮ್ಮೆ ಹೊಡೆಯಲಾಗುವುದು. ಮೂರು ಗಂಟೆ ಎರಡು ಸಲ ಹೊಡೆದರೆ ಸಾರ್ವಜನಿಕರು ಆರು ಗಂಟೆ ಎಂದು ತಿಳಿದು ಅಂಗಡಿ ಮುಚ್ಚತಕ್ಕದ್ದಲ್ಲ.

೧೦. ಒತ್ತಡ: ಗಡಿಯಾರದ ವೇಗ ಏರಿಸುವ ಭರದಲ್ಲಿ ಕಾರ್ಡಿನ ವಿದ್ಯುತ್ ಒತ್ತಡವನ್ನು ಯಾರೂ ಹೆಚ್ಚಿಸತಕ್ಕದ್ದಲ್ಲ. ಲ್ಯಾಪ್‌ಟಾಪು ಚಿಕ್ಕ ಮೈಯದು, ತಡೆದುಕೊಳ್ಳಲಾರದು. ಕಚೇರಿಯಲ್ಲಿ ಸದ್ಯಕ್ಕಿರುವ ಒತ್ತಡವೇ ಸಾಕಷ್ಟಿದ್ದು, ಅದೆಲ್ಲವೂ ಅಧೀಕ್ಷಕರ ಸುಪರ್ದಿಯಲ್ಲಿದೆ.

೧೧. ಪ್ರೇಕ್ಷಕ ಸಿಬ್ಬಂದಿಯ ನಡವಳಿಕೆ: ಪರದೆಯ ಮೇಲಿನ ಕಾರು ಎಡಕ್ಕೆ ತಿರುಗಿದಾಗ ನೋಡುವ ಸಿಬ್ಬಂದಿಯೂ ಎಡಕ್ಕೆ ವಾಲುವುದರಿಂದ ಕಾರಿನ ವೇಗದಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲವೆಂದು ದೃಢಪಟ್ಟಿದೆ. ಹೀಗೆ ವಾಲಿದ್ದರಿಂದ ಒಂದು ಕುರ್ಚಿಯ ಕಾಲು ಮುರಿದಿರುತ್ತದೆ. ತೂಕ-ಅಳತೆಯವರು ಎಣಿಸಿಕೊಂಡು ಹೋದ ಲೆಕ್ಕದಲ್ಲಿ ಈಗ ಒಂದು ಕಡಿಮೆ ಎಂಬುದಷ್ಟೇ ಸಮಾಧಾನ. ಇನ್ನು ಮುಂದೆ ಸಿಬ್ಬಂದಿ ನಿಂತು ವಾಲತಕ್ಕದ್ದು. ಬ್ರೇಕ್ ಹಾಕಬೇಕಾದ ಕಡೆ ಪಕ್ಕದವರ ಕಾಲನ್ನು ತುಳಿಯುವುದನ್ನು ಶಿಸ್ತು ಉಲ್ಲಂಘನೆಯೆಂದು ಪರಿಗಣಿಸಲಾಗುವುದು. ತುಳಿಸಿಕೊಂಡವರು ಬಾಗಿಲಲ್ಲಿ ನಿಂತಿದ್ದ ಹೊರ ಇಲಾಖೆಯವರಾಗಿದ್ದಲ್ಲಿ ಈ ನಿಯಮ ಅನ್ವಯಿಸದು.

೧೨. ಫಲಿತಾಂಶ: ಕಚೇರಿಯ ಊಟದ ವಿರಾಮದಲ್ಲಿ, ಅಧೀಕ್ಷಕರ ಮೇಜಿನ ಮೇಲೆ, ದೂರುದಾರರಿಗೂ ಅವರ ನಾದಿನಿಯವರಿಗೂ ನಡೆದ ಓಟದಲ್ಲಿ ದೂರುದಾರರು ಒಂದು ಕಾರಿನುದ್ದ ಮುಂದಿದ್ದು ಗೆದ್ದಿರುತ್ತಾರೆ. ಅಧೀಕ್ಷಕರು ಕೂಗಿದರೆಂಬ ಗಾಳಿ ಸುದ್ದಿಯನ್ನು ನಿರಾಕರಿಸಲಾಗಿದೆ. ಅವರು ಆದೇಶ ನೀಡುತ್ತಿದ್ದರು. ಗೆದ್ದ ಕೂಡಲೇ ದೂರುದಾರರು ತಾವಾಗಿಯೇ ಫೋನ್ ಮಾಡಿ "ಏನಮ್ಮಾ, ಪಂಕ್ಚರ್ ಆಯ್ತಾ?" ಎಂದು ಕೇಳಿರುತ್ತಾರೆ. ಬಳಿಕ ಅವರು ನೀಡಿದ ತೃಪ್ತಿ ಪತ್ರ ಹೀಗಿದೆ: "ಗಡಿಯಾರ ಸರಿ ಹೋಯ್ತು. ನಾದಿನಿ ಸೋತಳು. ಇಷ್ಟು ವರ್ಷದಲ್ಲಿ ಗೌರ್ಮೆಂಟ್ ಆಫೀಸಿಂದ ನಾನು ನಗ್ತಾ ವಾಪಸ್ ಬಂದಿದ್ದು ಇದೇ ಮೊದಲು. ಕೀ ಕೊಡೋ ಅಣ್ಣನಿಗೆ ಒಂದು ಶರ್ಟ್ ಹೊಲಿದು ಕೊಡ್ತೀನಿ, ಅಳತೆ ಕೊಡೋಕೆ ಹೇಳಿ." ಅಂಗಿಯ ಅಳತೆಯನ್ನು ದರ್ಜಿಯೇ ತೆಗೆಯತಕ್ಕದ್ದೆಂದೂ, ಕೆಳಗಿನ ಮಹಡಿಯವರು ಟೇಪು ಹಿಡಿದು ಬರತಕ್ಕದ್ದಲ್ಲವೆಂದೂ ಸ್ಪಷ್ಟಪಡಿಸಲಾಗಿದೆ.

೧೩. ಮೇಲಿನ ಕಚೇರಿಯ ನಿಲುವು: ತೃಪ್ತಿ ಪತ್ರವನ್ನು ಕಂಡ ಮೇಲಿನ ಕಚೇರಿಯವರು ವಿಲೀನವನ್ನು ಈ ವರ್ಷದ ಮಟ್ಟಿಗೆ ಕೈಬಿಟ್ಟು, "ಮುಂದಿನ ವರ್ಷ ಏನು ಮಾಡುತ್ತೀರಿ?" ಎಂದು ಕೇಳಿರುತ್ತಾರೆ. ಉತ್ತರಕ್ಕಾಗಿ ಇಲಾಖೆಯು ಹಳೆಯ ಕಡತಗಳನ್ನು ತಿರುವಿಹಾಕುತ್ತಿದ್ದಾಗ ಅಂಚೆಯಲ್ಲಿ ಒಂದು ಲಕೋಟೆ ಬಂತು. ಅದರ ಮೇಲೆ "ಗಡಿಯಾರ ಮತ್ತು ಗಂಟೆಗಳ ಇಲಾಖೆ" ಎಂದು ತಪ್ಪಿಲ್ಲದೆ ಬರೆಯಲಾಗಿತ್ತು. ಬೇರೆ ಯಾರಿಗೋ ಬರೆದು ದಾರಿ ತಪ್ಪಿದ್ದಲ್ಲ, ನಮಗೇ ಬರೆದದ್ದು. ಅಧೀಕ್ಷಕರು ಲಕೋಟೆ ಒಡೆಯುವ ಮೊದಲು ವಿಳಾಸವನ್ನು ಎರಡು ಸಲ ಗಟ್ಟಿಯಾಗಿ ಓದಿರುತ್ತಾರೆ. ಒಳಗಿನ ಪಾಠ:

"ನಾನು ನಾದಿನಿ. ಅತ್ತಿಗೆ ಹಳೇ ಡಬ್ಬ ಇಟ್ಕೊಂಡು ನನ್ನ ಹೊಸ ಮಷಿನ್ನನ್ನ ಸೋಲಿಸಿದಾಳೆ. ಹೇಗೆ ಅಂತ ಕೇಳಿದ್ರೆ 'ಗಡಿಯಾರದ ಆಫೀಸಲ್ಲಿ ಕೇಳು' ಅಂತಾಳೆ. ಅವಳಿಗೆ ಏನು ಮಾಡಿಕೊಟ್ರೋ ಅದನ್ನ ನನಗೂ ಮಾಡಿಕೊಡಿ. ಇಲ್ಲಾಂದ್ರೆ ಅವಳದ್ದನ್ನ ಇಳಿಸಿ. ಎರಡರಲ್ಲಿ ಒಂದು ಆಗ್ಲೇಬೇಕು. ನನ್ನ ಓರಗಿತ್ತಿಗೂ ಒಂದು ಲ್ಯಾಪ್‌ಟಾಪ್ ಇದೆ, ಅವಳೂ ಬರ್ತಾಳಂತೆ."

ಈ ದೂರನ್ನು ಸಂತೋಷದಿಂದ ಸ್ವೀಕರಿಸಲಾಗಿದೆ. ಅದನ್ನು ಮುಂದಿನ ವರ್ಷದ ಮೊದಲ ಕೆಲಸದ ದಿನದಂದೇ ಕೈಗೆತ್ತಿಕೊಳ್ಳತಕ್ಕದ್ದು. ಅದಕ್ಕೆ ಮುಂಚೆ ಯಾರೂ ಉತ್ಸಾಹ ತಡೆಯಲಾರದೆ ಬಗೆಹರಿಸಿಬಿಡತಕ್ಕದ್ದಲ್ಲ. ಅತ್ತಿಗೆ-ನಾದಿನಿಯರ ನಡುವೆ ಇಲಾಖೆ ಯಾವ ಪಕ್ಷವನ್ನೂ ವಹಿಸದು. ಓರಗಿತ್ತಿಯವರಿಗೆ ಅದರ ಮುಂದಿನ ವರ್ಷದ ದಿನವನ್ನು ಕಾದಿರಿಸಲಾಗಿದೆ. ಈ ಮೂರೂ ಮನೆಗಳಲ್ಲಿ ರಾಜಿ ಮಾಡಿಸಲು ಯತ್ನಿಸುವ ಹಿತೈಷಿಗಳ ಮೇಲೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪದಡಿ ಕ್ರಮ ಜರುಗಿಸಲಾಗುವುದು.

ಈ ಸುತ್ತೋಲೆಯು ಗೋಪುರದ ಗಡಿಯಾರದಲ್ಲಿ ಮುಂದಿನ ಗಂಟೆ ಹೊಡೆದ ಕ್ಷಣದಿಂದ ಜಾರಿಗೆ ಬರುವುದು. ಗಡಿಯಾರ ನಿಂತಿದ್ದಲ್ಲಿ, ಕೀಲಿಗಾರರು ಮೆಟ್ಟಿಲು ಹತ್ತಿ ಬರುವವರೆಗೆ ಕಾಯತಕ್ಕದ್ದು.

ಸಹಿ/-
ಪ್ರಭಾರ ಅಧೀಕ್ಷಕರು
ಗಡಿಯಾರ ಮತ್ತು ಗಂಟೆಗಳ ಇಲಾಖೆ
(ಮುರಿದ ಕುರ್ಚಿಯ ಕಾರಣ ನಿಂತುಕೊಂಡೇ ಸಹಿ ಮಾಡಲಾಗಿದೆ)

ಪ್ರತಿಗಳು:

೧. ಮೇಲಿನ ಕಚೇರಿಗೆ: ಮುಂದಿನ ವರ್ಷದ ಪ್ರಶ್ನೆಗೆ ಉತ್ತರವಾಗಿ.
೨. ದೂರು ವಿಂಗಡಿಸುವ ಗುಮಾಸ್ತರಿಗೆ: ಇನ್ನು ಮುಂದೆಯೂ ಪೂರ್ತಿ ಓದದೆ ಕಳಿಸುವಂತೆ ಕೋರಿಕೆಯೊಂದಿಗೆ.
೩. ವಿದ್ಯುತ್ತಿನವರಿಗೆ: ಮಾಹಿತಿಗಾಗಿ. ದೂರು ವಾಪಸ್ ಕೇಳತಕ್ಕದ್ದಲ್ಲ.
೪. ತೂಕ-ಅಳತೆ ಇಲಾಖೆಗೆ: ಮೆಟ್ಟಿಲ ಬಳಿ ಗೋಡೆಗೆ ಅಂಟಿಸಲಾಗಿದೆ, ಮೇಲೆ ಬರುವ ಅಗತ್ಯವಿಲ್ಲ.
೫. ಹೊಲಿಗೆ ಅಂಗಡಿಯ ಯಜಮಾನಿಯವರಿಗೆ: ಅಭಿನಂದನೆಗಳೊಂದಿಗೆ.
೬. ಅವರ ನಾದಿನಿಯವರಿಗೆ: ಅಷ್ಟೇ ಅಭಿನಂದನೆಗಳೊಂದಿಗೆ.
೭. ಕೀಲಿಗಾರರ ಮನೆಯವರಿಗೆ: ಯಜಮಾನರು ನಾಳೆಯೂ ಕೆಲಸಕ್ಕೆ ಬರತಕ್ಕದ್ದಿದ್ದು, ಎಂದಿನಂತೆ ಬುತ್ತಿ ಕಟ್ಟಿಕೊಡುವಂತೆ ಕೋರಲಾಗಿದೆ.